ಕಾಕಾನ ಕಣ್ಣಿಗೆ ಸಿಡಿದದ್ದು ನನ್ನದೇ ವಾಕ್ಯ

ಕಳೆದ ಮುಂಗಾರಿನಲ್ಲಿ ಒಂದು ಮಧ್ಯಾಹ್ನ. ತಾಲ್ಲೂಕು ಪಂಚಾಯಿತಿ ಸಭೆಯ ಸುದ್ದಿ ಬರೆದುಕೊಳ್ಳುತ್ತ ಕುಳಿತಿದ್ದೆ. ಊರಿಂದ ಫೋನ್ ಬಂತು. ನಮ್ಮ ಕಾಕಾ ಗೋವಿನಜೋಳಕ್ಕೆ ಎಣ್ಣಿ ಹೊಡೆಯುವಾಗ ಪಂಪಿನ ನಾಜಲ್ ಕಟ್ಟಿಕೊಂಡಿದೆ. ಬಿಚ್ಚಿ ಸ್ವಚ್ಛ ಮಾಡಲು ಹೋಗಿದ್ದಾರೆ. ಪೈಪಿನಲ್ಲಿ ನಿಂತಿದ್ದ ಎಣ್ಣಿ ಒಮ್ಮೆಲೇ ಸಿಡಿದು ಎರಡೂ ಕಣ್ಣಿಗೆ ಬಿದ್ದಿದೆ.

ಪಕ್ಕದ ಹೊಲದವರ ಬೋರು ಚಾಲೂ ಇತ್ತು. ಅಲ್ಲಿಯೇ ಕೂರಿಸಿ ಬಹಳ ಹೊತ್ತು ಕಣ್ಣಿಗೆ ನೀರು ಬಿಟ್ಟಿದ್ದಾರೆ. ಆಮೇಲೆ ಬೈಕಿನ ಮೇಲೆ ಆಸ್ಪತ್ರೆಗೆ ತಂದರು. ಎರಡು ದಿನ ಕಣ್ಣು ಬಾತುಕೊಂಡಿತ್ತು. ದೃಷ್ಟಿ ಉಳಿಯಿತು. ಆ ಬೋರಿನವರಿಗೆ ನಮ್ಮ ಮನೆಯವರೆಲ್ಲ ಇಂದಿಗೂ ಕೈ ಮುಗಿಯುತ್ತೇವೆ.

ಮೂರನೇ ದಿನ ಮಾತಾಡಿಸಲು ಹೋದಾಗ ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ: "ಪಂಪಿನ ಜೋಡಿ ಪುಸ್ತಕ ಕೊಟ್ಟಿದ್ರಲ್ಲ ಕಾಕಾ, ಓದಲಿಲ್ಲೇನು?"

"ಓದೀನಪಾ. ಎರಡು ಸಲ ಓದೀನಿ. ಕನ್ನಡದಾಗ ಐತಿ, ಆದ್ರ ಕನ್ನಡ ಇಲ್ಲ ಅದು" ಅಂದರು.

ಕಾಕಾ ಓದಿದ್ದು ಏಳನೇ ಇಯತ್ತೆ. ದಿನಾ ಪೇಪರ್ ಓದುತ್ತಾರೆ. ನಾನು ಬರೆದ ಸುದ್ದಿಯಲ್ಲಿ ತಪ್ಪಿದ್ದರೆ ಫೋನ್ ಮಾಡಿ ಹೇಳುತ್ತಾರೆ. ಅವರಿಗೆ ಓದಲು ಬರುವುದಿಲ್ಲ ಎನ್ನುವ ಹಾಗಿಲ್ಲ. ಕಪಾಟಿನ ಮೇಲಿದ್ದ ಪುಸ್ತಕ ತೆಗೆದು ನೋಡಿದೆ. ಆರನೇ ಪುಟದಲ್ಲಿ ಹೀಗಿತ್ತು:

"ಅಡಚಣೆಯ ಸಂದರ್ಭದಲ್ಲಿ ನಳಿಕೆಯ ತುದಿಯನ್ನು ತೆರವುಗೊಳಿಸಿ ಸ್ವಚ್ಛಗೊಳಿಸತಕ್ಕದ್ದು. ಸದರಿ ಕ್ರಿಯೆಗೆ ಮುನ್ನ ವ್ಯವಸ್ಥೆಯಲ್ಲಿನ ಉಳಿಕೆ ಒತ್ತಡವನ್ನು ಬಿಡುಗಡೆಗೊಳಿಸಿರುವುದನ್ನು ಖಚಿತಪಡಿಸಿಕೊಳ್ಳುವುದು."

ನನ್ನ ಮೈ ತಣ್ಣಗಾಯಿತು. ಆ ವಾಕ್ಯ ಬರೆದವನು ನಾನೇ.

ಪದಕ್ಕೆ 70 ಪೈಸೆ

ಎರಡು ವರ್ಷದ ಹಿಂದಿನ ಮಾತು. ಜಿಲ್ಲೆಯ ಸ್ಟ್ರಿಂಗರ್ ಆದವನಿಗೆ ತಿಂಗಳಿಗೆ ಎಷ್ಟು ಬರುತ್ತದೆ ಎಂಬುದು ಈ ಬ್ಲಾಗಿನ ನಮ್ಮ ಗೆಳೆಯರಿಗೆಲ್ಲ ಗೊತ್ತು. ಪಕ್ಕದ ಜಿಲ್ಲೆಯಲ್ಲಿ ಬ್ಯಾಟರಿ ಪಂಪು ಜೋಡಿಸಿ ಸುತ್ತಲಿನ ತಾಲ್ಲೂಕುಗಳಲ್ಲಿ ಮಾರುವ ಒಂದು ಸಣ್ಣ ಕಂಪನಿ ಇಂಗ್ಲಿಷ್ ಕೈಪಿಡಿಯನ್ನು ಕನ್ನಡಕ್ಕೆ ಮಾಡಿಕೊಡಿ ಎಂದಿತ್ತು. ನಾಲ್ಕೂವರೆ ಸಾವಿರ ಪದ, ಪದಕ್ಕೆ 70 ಪೈಸೆ. 3,150 ರೂಪಾಯಿ. ಎರಡು ರಾತ್ರಿ ಕೂತು ಮುಗಿಸಿದೆ.

ಆ ಎರಡು ರಾತ್ರಿಯಲ್ಲಿ ಆ ಪಂಪನ್ನು ನಾನು ಒಮ್ಮೆಯೂ ಕಣ್ಣಿಂದ ನೋಡಲಿಲ್ಲ. ಅದನ್ನು ಬೆನ್ನಿಗೆ ಹಾಕುವವರು ಯಾರು ಎಂದು ಯೋಚಿಸಲಿಲ್ಲ. ಇಂಗ್ಲಿಷಿನ ಪ್ರತಿ ಪದಕ್ಕೆ ಒಂದು ಘನವಾದ ಕನ್ನಡ ಪದ ಹುಡುಕಿದೆ. "ಬಿಚ್ಚಿ" ಎಂದು ಬರೆಯಲು ನಾಚಿಕೆಯಾಗಿ "ತೆರವುಗೊಳಿಸಿ" ಎಂದು ಬರೆದೆ. ಕಂಪನಿಯವರು ಓದಿ "ಭಾಷೆ ಬಹಳ ಚೆನ್ನಾಗಿದೆ ಸರ್" ಅಂದರು. ನಾನೂ ಉಬ್ಬಿದೆ.

ಕಂಪನಿಯ ಹೆಸರು ಇಲ್ಲಿ ಬೇಡ. ತಪ್ಪು ಅವರೊಬ್ಬರದಲ್ಲ. ಆ ವಾಕ್ಯದಲ್ಲಿ ಮೊದಲು "ಬಿಚ್ಚು" ಎಂದಿದೆ, ಆಮೇಲೆ "ಬಿಚ್ಚುವ ಮೊದಲು ಪ್ರೆಶರ್ ಇಳಿಸಿರಬೇಕು" ಎಂದಿದೆ. ಹೊಲದಲ್ಲಿ ನಿಂತವರು ಓದುತ್ತ ಓದುತ್ತ ಕೆಲಸ ಮಾಡುತ್ತಾರೆ. ಮೊದಲ ವಾಕ್ಯ ಓದಿ ಕೈ ಹಾಕಿದರೆ ಎರಡನೆಯದನ್ನು ಓದುವಷ್ಟರಲ್ಲಿ ಕಣ್ಣಿಗೆ ವಿಷ ಬಿದ್ದಿರುತ್ತದೆ. ಇಂಗ್ಲಿಷ್ ಮೂಲದಲ್ಲೂ ಕ್ರಮ ಹಾಗೆಯೇ ಇತ್ತು, ನಿಜ. ಆದರೆ "ಇದು ಹಿಂದುಮುಂದಾಗಿದೆ ಅಲ್ಲವೇ?" ಎಂದು ಕೇಳಬಹುದಾದ ಕೊನೆಯ ಮನುಷ್ಯ ನಾನಾಗಿದ್ದೆ. ನಾನು ಕೇಳಲಿಲ್ಲ.

ಹಾಗಾದರೆ ಟೆಕ್ನಿಕಲ್ ರೈಟರ್ ಅಂದರೆ ಯಾರು?

ಯಂತ್ರ, ಔಷಧಿ, ಆ್ಯಪ್, ಅರ್ಜಿ ಇಂಥವನ್ನು ಹೇಗೆ ಬಳಸಬೇಕು ಎಂದು ಬರೆಯುವವರಿಗೆ ಟೆಕ್ನಿಕಲ್ ರೈಟರ್ ಎನ್ನುತ್ತಾರೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದೇ ಹೆಸರಿನ ಹುದ್ದೆ ಇದೆ, ಒಳ್ಳೆಯ ಸಂಬಳವೂ ಇದೆ. ಅದಕ್ಕೇ ಬಹಳ ಜನ ಇದು ಇಂಗ್ಲಿಷ್ ಚೆನ್ನಾಗಿ ಬರುವವರ ಕೆಲಸ, ಕಂಪ್ಯೂಟರಿನವರ ಕೆಲಸ ಎಂದುಕೊಂಡಿದ್ದಾರೆ. ನಾನೂ ಹಾಗೆಯೇ ಎಂದುಕೊಂಡಿದ್ದೆ.

ಕಾಕಾನ ಕಣ್ಣು ನೋಡಿದ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ. ಇಂಗ್ಲಿಷ್ ಬರುವುದರಿಂದ ಯಾರೂ ಟೆಕ್ನಿಕಲ್ ರೈಟರ್ ಆಗುವುದಿಲ್ಲ. ಯಂತ್ರ ಗೊತ್ತಿದ್ದರೂ ಆಗುವುದಿಲ್ಲ. ಓದಿದವರ ಕೈ ಏನು ಮಾಡುತ್ತದೆ ಎಂಬುದಕ್ಕೆ ಯಾರು ಜವಾಬ್ದಾರಿ ಹೊರುತ್ತಾರೋ ಅವರೇ ಟೆಕ್ನಿಕಲ್ ರೈಟರ್. ಓದಿದವರ ಕೈಯಲ್ಲಿ ಕೆಲಸ ಸರಿಯಾಗಿ ಆಗುವ ತನಕ ಅವರ ಬರವಣಿಗೆ ಮುಗಿದ ಹಾಗಲ್ಲ.

ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ನಮಗೆ ಆರು ಪ್ರಶ್ನೆ ಕಲಿಸಿದರು: ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಸುದ್ದಿಯಲ್ಲಿ "ಹೇಗೆ" ಎಂಬುದು ಕೊನೆಯ ಪ್ಯಾರಾಕ್ಕೆ ಹೋಗುತ್ತದೆ. ಜಾಗ ಸಾಲದಿದ್ದರೆ ಡೆಸ್ಕಿನವರು ಮೊದಲು ಕತ್ತರಿಸುವುದೂ ಆ ಪ್ಯಾರಾವನ್ನೇ. ಟೆಕ್ನಿಕಲ್ ರೈಟರ್‌ಗೆ ಆ ಒಂದು "ಹೇಗೆ" ಎಂಬುದೇ ಇಡೀ ಕೆಲಸ.

ಇನ್ನೊಂದು ವ್ಯತ್ಯಾಸವಿದೆ. ಸುದ್ದಿ ಓದಿದವರು ಪೇಪರ್ ಮಡಚಿ ಇಡುತ್ತಾರೆ. ಕೈಪಿಡಿ ಓದುವವರ ಒಂದು ಕೈಯಲ್ಲಿ ಪಾನಾ ಇರುತ್ತದೆ, ಮಗು ಅಳುತ್ತಿರುತ್ತದೆ, ಕರೆಂಟು ಇನ್ನರ್ಧ ಗಂಟೆಯಲ್ಲಿ ಹೋಗುವುದಿರುತ್ತದೆ. ಅವರು ಖುಷಿಗಾಗಿ ಓದುತ್ತಿಲ್ಲ. ಏನೋ ಕೆಟ್ಟಿದೆ, ಅದಕ್ಕೇ ಓದುತ್ತಿದ್ದಾರೆ.

ಇದು ನಮಗೆ ಹೊಸದಲ್ಲ

ಕಂಪ್ಯೂಟರಿನ ಮೊದಲ ಕೈಪಿಡಿಗಳಲ್ಲಿ ಒಂದನ್ನು ಅಮೆರಿಕದ ಜೋಸೆಫ್ ಚಾಪ್ಲಿನ್ 1949ರಲ್ಲಿ ಬರೆದರು. ಬೈನ್ಯಾಕ್ ಎಂಬ ಯಂತ್ರಕ್ಕೆ. ಆ ಹುದ್ದೆಯ ಕಥೆಯನ್ನು ಸಾಮಾನ್ಯವಾಗಿ ಅಲ್ಲಿ ಇಲ್ಲಿಂದ ಶುರು ಮಾಡುತ್ತಾರೆ. ಆದರೆ ಕನ್ನಡದಲ್ಲಿ ಈ ಕೆಲಸ ಅದಕ್ಕೂ 900 ವರ್ಷ ಹಿಂದೆಯೇ ನಡೆದಿತ್ತು.

1025ರಲ್ಲಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಚಾವುಂಡರಾಯ ಎಂಬ ಕವಿ 'ಲೋಕೋಪಕಾರ' ಬರೆದ. (ಗೊಮ್ಮಟನನ್ನು ಕಡೆಸಿದ ಚಾವುಂಡರಾಯ ಬೇರೆ.) ಮಳೆಯ ಲಕ್ಷಣ, ನೆಲದಡಿಯ ನೀರು ಗುರುತಿಸುವುದು, ಗಿಡಮರದ ಆರೈಕೆ, ದನಕರುಗಳ ಚಿಕಿತ್ಸೆ, ಅಡುಗೆ ಎಲ್ಲವೂ ಅದರಲ್ಲಿದೆ. ಹೆಸರೇ ಉದ್ದೇಶವನ್ನು ಹೇಳುತ್ತದೆ. 12ನೇ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ' ಬರೆದ. 14ನೇ ಶತಮಾನದಲ್ಲಿ ಮಂಗರಾಜ 'ಖಗೇಂದ್ರ ಮಣಿದರ್ಪಣ' ಬರೆದ. ಅದು ವಿಷ ಮತ್ತು ವಿಷಕ್ಕೆ ಚಿಕಿತ್ಸೆಯ ಬಗ್ಗೆ ಇರುವ ಇಡೀ ಗ್ರಂಥ. ಇವುಗಳಲ್ಲಿ ಬಹುಪಾಲು ಪದ್ಯದಲ್ಲಿದೆ. ಪ್ರತಿ ಮನೆಯಲ್ಲಿ ಓಲೆಗರಿ ಇಲ್ಲದ ಕಾಲದಲ್ಲಿ ಪದ್ಯವಾದರೆ ಬಾಯಿಪಾಠಕ್ಕೆ ಅನುಕೂಲ.

600 ವರ್ಷದ ಹಿಂದೆ ವಿಷದ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದ ನಾಡು ನಮ್ಮದು. ಇವತ್ತು ವಿಷದ ಬಾಟಲಿಯ ಜೊತೆ ಬರುವ ಕನ್ನಡ ಚೀಟಿ ನಮಗೆ ತಿಳಿಯುವುದಿಲ್ಲ.

ಕಾನೂನು ಇದೆ, ಚೀಟಿಯೂ ಇದೆ

1968ರ ಕೀಟನಾಶಕ ಕಾಯ್ದೆ ಮತ್ತು 1971ರ ನಿಯಮಗಳ ಪ್ರಕಾರ ಪ್ರತಿ ಪೊಟ್ಟಣದ ಜೊತೆ ಒಂದು ಚೀಟಿ ಇರಲೇಬೇಕು. ಯಾವ ಬೆಳೆಗೆ, ಯಾವ ಹುಳಕ್ಕೆ, ಎಷ್ಟು, ಹೇಗೆ, ಮೈಗೆ ಸೇರಿದರೆ ಏನೇನು ಲಕ್ಷಣ, ಪ್ರಥಮ ಚಿಕಿತ್ಸೆ ಏನು, ಪ್ರತಿವಿಷ ಏನು, ಖಾಲಿ ಡಬ್ಬಿ ಏನು ಮಾಡಬೇಕು ಎಲ್ಲ ಬರೆದಿರಬೇಕು. ಸ್ಥಳೀಯ ಭಾಷೆಯಲ್ಲೂ ಇರಬೇಕು. ಕಾನೂನು ಬರೆದವರು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾರೆ.

ಈಗ ನಿಮ್ಮ ಮನೆಯ ಅಟ್ಟದ ಮೇಲಿನ ಬಾಟಲಿಯ ಚೀಟಿ ಬಿಡಿಸಿ ನೋಡಿ. ಹಲವು ಭಾಷೆ ಒಂದೇ ಹಾಳೆಯಲ್ಲಿ ತುರುಕಿರುತ್ತಾರೆ. ಅಕ್ಷರ ಸಾಸಿವೆಗಿಂತ ಸಣ್ಣದು. ಪ್ರಮಾಣ ಹೆಕ್ಟೇರಿನ ಲೆಕ್ಕದಲ್ಲಿ. ನಮ್ಮೂರಲ್ಲಿ ಯಾರಾದರೂ "ನಂದು ಎರಡು ಹೆಕ್ಟೇರ್ ಹೊಲ" ಅಂದದ್ದನ್ನು ಕೇಳಿದ್ದೀರಾ?

ಒಂದು ಉದಾಹರಣೆ ಹೇಳುತ್ತೇನೆ. ಇದು ಲೆಕ್ಕ ತೋರಿಸಲು ಮಾತ್ರ, ನಿಮ್ಮ ಬಾಟಲಿಯ ಪ್ರಮಾಣ ಬೇರೆ ಇರುತ್ತದೆ. ಹೆಕ್ಟೇರಿಗೆ 500 ಮಿಲಿ ಔಷಧ, 500 ಲೀಟರ್ ನೀರು ಎಂದು ಬರೆದಿದೆ ಅನ್ನಿ. ಒಂದು ಹೆಕ್ಟೇರ್ ಅಂದರೆ ಹೆಚ್ಚುಕಡಿಮೆ 2 ಎಕರೆ 19 ಗುಂಟೆ. ಅಂದರೆ ಎಕರೆಗೆ ಸುಮಾರು 200 ಮಿಲಿ ಔಷಧ, 200 ಲೀಟರ್ ನೀರು. 16 ಲೀಟರಿನ ಪಂಪಾದರೆ ಎಕರೆಗೆ ಹನ್ನೆರಡೂವರೆ ಪಂಪು, ಪಂಪಿಗೆ 16 ಮಿಲಿ.

ರೈತನಿಗೆ ಬೇಕಾದದ್ದು ಆ ಕೊನೆಯ ಅಂಕಿ ಮಾತ್ರ: ಪಂಪಿಗೆ ಎಷ್ಟು? ಅದು ಚೀಟಿಯಲ್ಲಿ ಇಲ್ಲ. ಅದಕ್ಕೇ ಅವನು ಅಂಗಡಿಯವರನ್ನು ಕೇಳುತ್ತಾನೆ. ಅವರು "ಎರಡು ಮುಚ್ಚಳ ಹಾಕ್ರಿ" ಅನ್ನುತ್ತಾರೆ. ಯಾವ ಬಾಟಲಿಯ ಮುಚ್ಚಳ? ಪ್ರತಿ ಬಾಟಲಿಯ ಮುಚ್ಚಳದ ಅಳತೆ ಬೇರೆ. ಭಾಗಾಕಾರ ಮಾಡಬೇಕಾದವರು ಬರೆಯುವವರು. ಅವರು ಮಾಡದೆ ಬಿಟ್ಟ ಭಾಗಾಕಾರವನ್ನು ರೈತ ಮುಚ್ಚಳದಲ್ಲಿ ಮಾಡುತ್ತಿದ್ದಾನೆ.

ಬಣ್ಣದ ಗುರುತಿನದೂ ಇದೇ ಕಥೆ. ಕೀಟನಾಶಕದ ಲೇಬಲ್ ಮೇಲೆ ಕೆಂಪು, ಹಳದಿ, ನೀಲಿ, ಹಸಿರು, ಈ ನಾಲ್ಕರಲ್ಲಿ ಒಂದು ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅತಿ ಹೆಚ್ಚು ವಿಷ. ಆಮೇಲೆ ಹಳದಿ, ನೀಲಿ. ಹಸಿರು ಇವುಗಳಲ್ಲಿ ಕಡಿಮೆ ವಿಷ. ಕಡಿಮೆ ಎಂದರೆ ವಿಷವೇ ಅಲ್ಲ ಎಂದಲ್ಲ. ನಮ್ಮೂರಿನ ಅಂಗಡಿ ಕಟ್ಟೆಯ ಮೇಲೆ ಕೂತವರನ್ನು ಕೇಳಿದೆ. ಒಬ್ಬರು "ಹಸಿರಂದ್ರ ಸಾವಯವ" ಅಂದರು. ಇನ್ನೊಬ್ಬರು "ಬಿಸ್ಕೀಟಿನ ಪಾಕೀಟಿನ ಮ್ಯಾಲೂ ಹಸಿರು ಐತೆಲ್ಲ, ಅದರ ಹಂಗ ಇದೂ ಚಲೋ ಇರಬೇಕು" ಅಂದರು. ತಿನ್ನುವ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರದ ಗುರುತು. ವಿಷದ ಬಾಟಲಿಯ ಹಸಿರು ತ್ರಿಕೋನಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅವರ ಊಹೆ ಮೂರ್ಖತನದ್ದಲ್ಲ. ಒಂದೇ ಬಣ್ಣ ಎರಡು ಕಡೆ ಎರಡು ಮಾತಾಡಿದರೆ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ಅದನ್ನು ಮೊದಲೇ ಊಹಿಸುವುದೇ ಟೆಕ್ನಿಕಲ್ ರೈಟರ್ ಕೆಲಸ.

ಅಷ್ಟೇ ಏಕೆ, ನಾವು ವಿಷಕ್ಕೆ ಕೊಟ್ಟ ಹೆಸರನ್ನೇ ನೋಡಿ. ನಮ್ಮ ಕಡೆ ಎಣ್ಣಿ ಅನ್ನುತ್ತೇವೆ. ಉಳಿದ ಕಡೆ ಔಷಧಿ, ಮದ್ದು. ಮೂರೂ ಮನೆಯೊಳಗಿನ ಒಳ್ಳೆಯ ಮಾತುಗಳು. ಬರೀ "ಕೀಟನಾಶಕ" ಎಂದು ಬರೆದರೆ ದೂರದ ಮಾತಾಗುತ್ತದೆ. ಬರೀ "ಔಷಧಿ" ಎಂದರೆ ಭಯವೇ ಹೋಗುತ್ತದೆ. "ಹೊಲಕ್ಕೆ ಹೊಡೆಯುವ ಈ ಎಣ್ಣಿ ವಿಷ" ಎಂದು ಬರೆದರೆ ಎರಡೂ ಉಳಿಯುತ್ತವೆ. ಇಂಥ ಆಯ್ಕೆ ನಿಘಂಟಿನಲ್ಲಿ ಸಿಗುವುದಿಲ್ಲ, ಊರಿನಲ್ಲಿ ಸಿಗುತ್ತದೆ.

ವಿಮಾನದವರಿಗೆ ಸಿಕ್ಕ ಮರ್ಯಾದೆ

ವಿಮಾನ ರಿಪೇರಿ ಮಾಡುವವರು ಜಗತ್ತಿನ ಎಲ್ಲ ದೇಶದಲ್ಲೂ ಇದ್ದಾರೆ. ಅವರಲ್ಲಿ ಬಹಳ ಜನರ ತಾಯಿಮಾತು ಇಂಗ್ಲಿಷ್ ಅಲ್ಲ. ಕೈಪಿಡಿ ಮಾತ್ರ ಇಂಗ್ಲಿಷಿನಲ್ಲಿ. ಒಂದು ವಾಕ್ಯ ತಪ್ಪಾಗಿ ತಿಳಿದರೆ ನೂರಾರು ಜೀವ ಹೋಗುತ್ತದೆ. ಅದಕ್ಕೆ ಯುರೋಪಿನ ವಿಮಾನ ಉದ್ಯಮದವರು 1980ರ ದಶಕದಲ್ಲಿ ಸರಳ ಇಂಗ್ಲಿಷಿನ ನಿಯಮಪುಸ್ತಕ ಮಾಡಿಕೊಂಡರು. ಅದು ಇವತ್ತಿಗೂ ಬಳಕೆಯಲ್ಲಿದೆ. ಮಾಡಬೇಕಾದ ಕೆಲಸ ಹೇಳುವ ವಾಕ್ಯ 20 ಪದ ಮೀರಬಾರದು. ಒಂದು ವಾಕ್ಯದಲ್ಲಿ ಒಂದೇ ಕೆಲಸ. ಒಂದು ಪದಕ್ಕೆ ಒಂದೇ ಅರ್ಥ.

ಕನ್ನಡಕ್ಕೂ ಇಂಥದ್ದು ಬೇಕು ಎನ್ನಲು ಒಂದೇ ಪದ ಸಾಕು: "ತೆಗೆ". ಬಾಗಿಲು ತೆಗೆ ಎಂದರೆ ಬಾಗಿಲು ಬಿಚ್ಚಿಡುವುದು. ಮುಚ್ಚಳ ತೆಗೆ ಎಂದರೆ ಕಿತ್ತು ಪಕ್ಕಕ್ಕಿಡುವುದು. ಹಾಗಾದರೆ "ವಾಲ್ವ್ ತೆಗೆಯಿರಿ" ಎಂದರೆ ತಿರುಗಿಸಿ ನೀರು ಬಿಡಬೇಕೋ, ಕಳಚಿ ಕೈಗೆ ತೆಗೆದುಕೊಳ್ಳಬೇಕೋ? ಡ್ರಿಪ್ ಹಾಕಿಸಿದವರಿಗೆ ಈ ಎರಡರ ನಡುವಿನ ವ್ಯತ್ಯಾಸ ಚೆನ್ನಾಗಿ ಗೊತ್ತು.

ವಿಮಾನದ ಮೆಕ್ಯಾನಿಕ್‌ಗೆ ಸಿಗುವ ಆ ಮರ್ಯಾದೆ ಬೆನ್ನಿಗೆ ಪಂಪು ಹಾಕಿದವರಿಗೂ ಸಿಗಬೇಕು ಎಂಬುದಷ್ಟೇ ನನ್ನ ವಾದ.

ಬಾಂಗ್ಲಾದೇಶದ ಅಮ್ಮಂದಿರು

ಈ ಕೆಲಸ ಹೇಗಿರಬೇಕು ಎಂಬುದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಉದಾಹರಣೆಯಲ್ಲಿ ಅಚ್ಚಾದ ಕೈಪಿಡಿಯೇ ಮುಖ್ಯವಲ್ಲ.

ಭೇದಿಯಾದ ಮಗುವಿಗೆ ಉಪ್ಪು, ಸಕ್ಕರೆ ಬೆರೆಸಿದ ನೀರು ಸರಿಯಾದ ಪ್ರಮಾಣದಲ್ಲಿ ಕುಡಿಸಿದರೆ ಜೀವ ಉಳಿಯುತ್ತದೆ. 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬೀಸ್ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದರು. ಆದರೆ ಪ್ರಮಾಣ ತಪ್ಪಬಾರದು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ತೀರ ತೆಳುವಾದರೆ ಉಪಯೋಗವಿಲ್ಲ.

ಬಾಂಗ್ಲಾದೇಶದ ಹಳ್ಳಿಗಳಲ್ಲಿ ಆಗ ಓದು ಬರುವ ತಾಯಂದಿರು ಕಡಿಮೆ, ಪೊಟ್ಟಣ ಸಿಗುವ ಅಂಗಡಿಯೂ ಕಡಿಮೆ. ಬ್ರ್ಯಾಕ್ ಎಂಬ ಸಂಸ್ಥೆ 1980ರಿಂದ ಹೆಣ್ಣುಮಕ್ಕಳನ್ನು ಮನೆ ಮನೆಗೆ ಕಳಿಸಿತು. ಅವರು ಗ್ರಾಂ, ಮಿಲಿ ಹೇಳಲಿಲ್ಲ. ಅರ್ಧ ಸೇರು ನೀರು, ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ ಎಂದರು. ಅಳತೆ ತಾಯಿಯ ಕೈಯಲ್ಲೇ ಇತ್ತು. ಅಲ್ಲೇ, ಅವರ ಕೈಯಿಂದಲೇ, ಒಮ್ಮೆ ಮಾಡಿಸಿ ನೋಡುತ್ತಿದ್ದರು.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಸಂಬಳದ ವಿಷಯ. ಕಲಿಸಿ ಬಂದ ಕೆಲವು ವಾರದ ನಂತರ ಬೇರೆಯವರು ಹೋಗಿ ಕೆಲವು ಮನೆಗಳಲ್ಲಿ ವಿಚಾರಿಸುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆ? ಮಾಡಿದ ನೀರು ಸರಿಯಿದೆಯೇ? ಅದರ ಮೇಲೆ ಕಲಿಸಿದವಳ ಸಂಬಳ ನಿಂತಿತ್ತು. ಹತ್ತು ವರ್ಷದಲ್ಲಿ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮನೆಗಳನ್ನು ಹೀಗೆ ತಲುಪಿದರು.

ನನಗೆ ಪದಕ್ಕೆ 70 ಪೈಸೆ ಕೊಟ್ಟರು. ಪದ ಹೆಚ್ಚಿದಷ್ಟೂ ನನಗೆ ಲಾಭ. ಅವರಿಗೆ ತಾಯಿಯ ಕೈಯಲ್ಲಿ ಸರಿಯಾಗಿ ಆದ ಕೆಲಸಕ್ಕೆ ಕೊಟ್ಟರು. ನನಗೂ ಕಾಕಾ ನಾಜಲ್ ಸರಿಯಾಗಿ ಬಿಚ್ಚಿದರೆ ಮಾತ್ರ ದುಡ್ಡು ಎಂದಿದ್ದರೆ ನಾನು ಆ ವಾಕ್ಯ ಬರೆಯುತ್ತಿದ್ದೆನೇ?

ಅಂದಹಾಗೆ, ನಮ್ಮ ಮನೆಗಳಿಗೆ ಬರುವ ಓಆರ್‌ಎಸ್ ಪೊಟ್ಟಣವನ್ನೂ ಗಮನಿಸಿ. 20.5 ಗ್ರಾಮಿನ ದೊಡ್ಡ ಪೊಟ್ಟಣ ಪೂರ್ತಿ 1 ಲೀಟರ್ ನೀರಿಗೆ. ಅಂಗಡಿಯಲ್ಲಿ ಸಿಗುವ ಸಣ್ಣ ಪೊಟ್ಟಣ 200 ಮಿಲಿಗೆ, ಅಂದರೆ ಒಂದು ಲೋಟಕ್ಕೆ. ದೊಡ್ಡದನ್ನು ಲೋಟಕ್ಕೆ ಹಾಕಬಾರದು. ಎಷ್ಟು ನೀರಿಗೆ ಎಂದು ಪೊಟ್ಟಣದ ಮೇಲೆ ನೋಡಿಯೇ ಬೆರೆಸಿ.

"ಯಾರು ಓದ್ತಾರ ಬಿಡೋ"

ಈ ಮಾತು ಗೆಳೆಯರಿಗೆ ಹೇಳಿದಾಗ ಬಂದ ಉತ್ತರಗಳಿವೆ. ಅವುಗಳನ್ನು ಮುಚ್ಚಿಡುವುದು ಸರಿಯಲ್ಲ.

ಮೊದಲನೆಯದು: ರೈತರು ಚೀಟಿ ಓದುವುದಿಲ್ಲ, ಸುಮ್ಮನೆ ಯಾಕೆ ಕಷ್ಟ? ಕಾಕಾ ಎರಡು ಸಲ ಓದಿದ್ದರು. ಓದಿ ತಿಳಿಯದೆ ಕೈಬಿಟ್ಟವರನ್ನು ನಾವು ಓದದವರು ಎಂದು ಕರೆಯುತ್ತಿದ್ದೇವೆ.

ಎರಡನೆಯದು: ಯಂತ್ರ ಮಾಡಿದ ಎಂಜಿನಿಯರೇ ಬರೆಯಲಿ. ಅವರಿಗೆ ಯಂತ್ರ ಗೊತ್ತು, ಅದು ಬೇಕು. ಆದರೆ ಅವರಿಗೆ ಬಹಳ ಗೊತ್ತಿರುವುದೇ ತೊಂದರೆ. ಪೈಪಿನಲ್ಲಿ ಪ್ರೆಶರ್ ಉಳಿದಿರುತ್ತದೆ ಎಂಬುದು ಅವರಿಗೆ ಎಷ್ಟು ಸಹಜ ಎಂದರೆ, ಅದು ಇನ್ನೊಬ್ಬರಿಗೆ ಗೊತ್ತಿಲ್ಲದಿರಬಹುದು ಎಂದೇ ಹೊಳೆಯುವುದಿಲ್ಲ. ನಡುವೆ ಒಬ್ಬರು ನಿಂತು "ಸರ್, ಸ್ವಿಚ್ ಬಂದ್ ಮಾಡಿದ್ರೂ ಸಿಡಿತದೇನು?" ಎಂದು ದಡ್ಡರ ಹಾಗೆ ಕೇಳಬೇಕು. ಒಳ್ಳೆಯ ವರದಿಗಾರರಿಗೆ ಈ ವಿದ್ಯೆ ಗೊತ್ತು.

ಮೂರನೆಯದು: ಈಗ ವಿಡಿಯೋ ಇದೆ, ಫೋನಿನಲ್ಲೇ ಅನುವಾದ ಆಗುತ್ತದೆ. ವಿಡಿಯೋ ಒಳ್ಳೆಯದೇ. ಅದರಲ್ಲೂ ಯಾವುದು ಮೊದಲು, ಯಾವುದು ಆಮೇಲೆ ಎಂದು ಯಾರೋ ಬರೆದುಕೊಡಲೇಬೇಕು. ಫೋನಿನ ಅನುವಾದ ನನಗಿಂತ ಬೇಗ ಮಾಡುತ್ತದೆ. ಆದರೆ ಪಂಪು ನೋಡದೆ ಅನುವಾದ ಮಾಡಿದ್ದೇ ನನ್ನ ತಪ್ಪು. ಅದೇ ತಪ್ಪನ್ನು ಇನ್ನೂ ಬೇಗ ಮಾಡಿದರೆ ಪ್ರಯೋಜನವೇನು?

ನಾಲ್ಕನೆಯ ಮಾತಿನಲ್ಲಿ ಮಾತ್ರ ಸ್ವಲ್ಪ ಸತ್ಯವಿದೆ. ಕಂಪನಿಯವರು ಇಷ್ಟು ಕಡಿಮೆ ದುಡ್ಡಿಗೆ ಇಷ್ಟೇ ಕೆಲಸ ಸಿಗುತ್ತದೆ ಎಂಬ ಮಾತು ಅದು. ಹೌದು. 3,150 ರೂಪಾಯಿಗೆ ಹೊಲಕ್ಕೆ ಹೋಗಿ ಮೂರು ಜನರ ಕೈಲಿ ಮಾಡಿಸಿ ನೋಡು ಎಂದು ಯಾರಿಗೂ ಹೇಳಲಾಗದು. ಆ ಖರ್ಚನ್ನು ಯಂತ್ರದ ಬೆಲೆಯಲ್ಲೇ ಸೇರಿಸಬೇಕು. ಕೈಪಿಡಿ ಎಂದರೆ ಡಬ್ಬಿಯಲ್ಲಿ ಹಾಕುವ ಕಾಗದವಲ್ಲ, ಅದು ಯಂತ್ರದ ಒಂದು ಬಿಡಿಭಾಗ. ನಾಜಲ್ ಇಲ್ಲದ ಪಂಪು ಮಾರುವುದಿಲ್ಲವಲ್ಲ?

ಆರನೇ ಪುಟ, ಎರಡನೇ ಸಲ

ಕಾಕಾ ಗುಣವಾದ ಮೇಲೆ ಆ ಪುಟವನ್ನು ಮತ್ತೆ ಬರೆದೆ. ಈ ಸಲ ಮನೆಯ ಕಟ್ಟೆಯ ಮೇಲೆ, ಪಂಪು ಎದುರಿಗಿಟ್ಟುಕೊಂಡು. ಪಂಪಿಗೆ ಬರೀ ನೀರು ತುಂಬಿ ಕಾಕಾನ ಕೈಗೆ ಕೊಟ್ಟೆ. ನಾನು ಬಾಯಿ ಬಿಡಲಿಲ್ಲ.

ಮೂರನೇ ಸಾಲಿನಲ್ಲಿ "ಗುಂಡಿ ಒತ್ತಿ ಹಿಡಿಯಿರಿ" ಎಂದು ಬರೆದಿದ್ದೆ. ಕಾಕಾ ಟ್ಯಾಂಕಿನ ಕೆಳಗಿನ ಸ್ವಿಚ್ ಒತ್ತಿದರು. ಮೋಟರ್ ಮತ್ತೆ ಚಾಲೂ ಆಯಿತು! ನನಗೆ ಗುಂಡಿ ಎಂದರೆ ಕೋಲಿನ ಮೇಲಿದ್ದದ್ದು. ಅವರಿಗೆ ಗುಂಡಿ ಎಂದರೆ ಸ್ವಿಚ್ಚು. ಒಂದು ಪದಕ್ಕೆ ಒಂದೇ ಅರ್ಥ ಎಂದು ಮೇಲೆ ಉಪದೇಶ ಮಾಡಿದವನು ನಾನೇ. ಅಂದು ಎಣ್ಣಿ ಇದ್ದಿದ್ದರೆ ಮತ್ತೆ ಆಸ್ಪತ್ರೆ. ಬರೆದು, ತಿದ್ದಿ, ಮತ್ತೆ ಕೊಟ್ಟು, ಕಾಕಿಯ ಕೈಲೂ ಮಾಡಿಸಿ, ಕೊನೆಗೆ ಹೀಗೆ ನಿಂತಿತು:

1. ಕೈಗವಸು, ಕನ್ನಡಕ ಹಾಕಿಕೊಂಡೇ ಇರಿ.
2. ಟ್ಯಾಂಕಿನ ಸ್ವಿಚ್ ಬಂದ್ ಮಾಡಿ.
3. ಕೋಲಿನ ತುದಿ ನೆಲದ ಕಡೆ ಹಿಡಿಯಿರಿ. ಮುಖದ ಕಡೆ ತರಬೇಡಿ.
4. ಕೋಲಿನ ಹಿಡಿಕೆ ಒತ್ತಿ ಹಿಡಿಯಿರಿ. ಹನಿ ಬೀಳುವುದು ಪೂರ್ತಿ ನಿಲ್ಲಬೇಕು.
5. ಈಗ ನಾಜಲ್ ಬಿಚ್ಚಿ.
6. ನೀರಿನಲ್ಲಿ ತೊಳೆಯಿರಿ. ಬಾಯಿಂದ ಊದಬೇಡಿ.
7. ಕಣ್ಣಿಗೆ ಬಿದ್ದರೆ ಆಗಲೇ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಬಾಟಲಿ, ಚೀಟಿ ಸಮೇತ ಆಸ್ಪತ್ರೆಗೆ ಹೋಗಿ.

ಇದರಲ್ಲಿ ಒಂದೂ ಘನವಾದ ಪದವಿಲ್ಲ. ಇಷ್ಟು ಬರೆಯಲು ಒಂದು ಇಡೀ ದಿನ ಹಿಡಿಯಿತು.

ಕಂಪನಿಗೂ ಕಳಿಸಿದೆ, ತಪ್ಪು ನನ್ನದೂ ಇದೆ ಎಂದು ಬರೆದು. ಮುಂದಿನ ಸಲ ಅಚ್ಚು ಹಾಕಿಸುವಾಗ ನೋಡುತ್ತೇವೆ ಎಂದಿದ್ದಾರೆ. ಅಲ್ಲಿಯವರೆಗೆ ಕಾಕಾ ಆ ಹಾಳೆಯನ್ನು ಪ್ಲಾಸ್ಟಿಕ್ ಟೇಪಿನಿಂದ ಪಂಪಿಗೇ ಅಂಟಿಸಿದ್ದಾರೆ. ಅದೇ ಪಂಪು ತಂದ ಊರಿನ ಇನ್ನೂ ನಾಲ್ಕು ಮನೆಯವರು ಫೋಟೋ ತೆಗೆದುಕೊಂಡು ಹೋಗಿದ್ದಾರೆ.

ನಾವು, ನೀವು ಮಾಡಬಹುದಾದದ್ದು

ನನ್ನ ಜೊತೆ ಡಿಪ್ಲೊಮಾ ಮಾಡಿದವರಿಗೆ ಒಂದು ಮಾತು. ಬೆಂಗಳೂರಿನ ಕೆಲಸ ಸಿಕ್ಕರೆ ಹೋಗಿ, ತಪ್ಪೇನಿಲ್ಲ. ಆದರೆ ಟೆಕ್ನಿಕಲ್ ರೈಟರ್ ಬೇಕಾಗಿರುವುದು ಅಲ್ಲಿ ಮಾತ್ರವಲ್ಲ. ಹಾಲಿನ ಡೇರಿ, ಸೊಸೈಟಿ, ಕೃಷಿ ಇಲಾಖೆ, ಪಂಚಾಯಿತಿಯ ನೀರಿನ ಘಟಕ, ಔಷಧಿ ಅಂಗಡಿ, ಎಲ್ಲ ಕಡೆ "ಹೇಗೆ" ಎಂದು ಹೇಳುವವರು ಬೇಕಾಗಿದ್ದಾರೆ. ಪುತ್ತೂರಿನಲ್ಲಿ 1988ರಲ್ಲಿ ಶುರುವಾದ 'ಅಡಿಕೆ ಪತ್ರಿಕೆ' ಕೃಷಿಕರೇ ಕೃಷಿಕರಿಗಾಗಿ ಬರೆಯಬಹುದು ಎಂದು ತೋರಿಸಿಕೊಟ್ಟಿದೆ. ಆ ದಾರಿ ಇದೆ. ಕೆಲಸ ಒಪ್ಪಿಕೊಳ್ಳುವ ಮೊದಲು ಎರಡು ಮಾತು ಕೇಳಿ: ವಸ್ತುವನ್ನು ನನ್ನ ಕೈಗೆ ಕೊಡುತ್ತೀರಾ? ಬಳಸುವವರ ಕೈಲಿ ಒಮ್ಮೆ ಮಾಡಿಸಿ ನೋಡಲು ಬಿಡುತ್ತೀರಾ? ಎರಡಕ್ಕೂ ಇಲ್ಲ ಎಂದರೆ ಅದು ಬರೀ ಪದ ತುಂಬುವ ಕೆಲಸ.

ಓದುವ ನಿಮಗೂ ಒಂದು ಮಾತು. ಚೀಟಿ ತಿಳಿಯದಿದ್ದರೆ ನಿಮ್ಮ ಓದು ಕಡಿಮೆಯಾಯಿತು ಎಂದುಕೊಳ್ಳಬೇಡಿ. ಬರೆದವರ ಕೆಲಸ ಅರ್ಧಕ್ಕೆ ನಿಂತಿದೆ ಎಂದು ತಿಳಿಯಿರಿ. ಅಂಗಡಿಯವರಲ್ಲಿ "ಪಂಪಿಗೆ ಎಷ್ಟು ಮಿಲಿ, ಬಿಲ್ಲಿನ ಹಿಂದ ಬರದು ಕೊಡ್ರಿ" ಎಂದು ಕೇಳಿ. ಮುಚ್ಚಳ ಬಿಟ್ಟು ಅಳತೆಯ ಲೋಟ ಇಟ್ಟುಕೊಳ್ಳಿ. ಅನುಮಾನ ಬಂದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಮನೆಯಲ್ಲೂ ಕಾಕಾ ಹೇಳಿದ ಹಾಗೆ "ಕನ್ನಡದಾಗ ಐತಿ, ಆದ್ರ ಕನ್ನಡ ಇಲ್ಲ" ಎನ್ನುವಂಥ ಪುಟ ಇದ್ದೇ ಇರುತ್ತದೆ. ಮೋಟರ್ ಸ್ಟಾರ್ಟರಿನದೋ, ಕುಕ್ಕರಿನದೋ, ಮಾತ್ರೆಯದೋ. ಅದರ ಫೋಟೋ ನಮಗೆ ಕಳಿಸಿ. ಮುಂದಿನ ತಿಂಗಳಿಂದ ನಾವು ಗೆಳೆಯರು ಒಂದೊಂದನ್ನೇ ತೆಗೆದುಕೊಂಡು, ತಿಳಿದವರನ್ನು ಕೇಳಿ, ಬಳಸುವವರ ಕೈಲಿ ಮಾಡಿಸಿ ನೋಡಿ ಬರೆದು ಇಲ್ಲಿ ಹಾಕುತ್ತೇವೆ. ನಾನು ಸ್ಟಾರ್ಟರಿನಿಂದ ಶುರು ಮಾಡುತ್ತೇನೆ. ಈ ಸಲ ಪದಕ್ಕೆ ಪೈಸೆ ಲೆಕ್ಕವಿಲ್ಲ.